ಕತ್ತಿನ ಡಿಸ್ಕಿಗೆ ಪೆಟ್ಟು: ಎಕ್ಸ್‌ರೇಯಲ್ಲಿ ಕಾಣದ ಗಾಯಕ್ಕೆ ಪರಿಹಾರ ಕೇಳುವುದು ಹೇಗೆ?

"ಎಕ್ಸ್‌ರೇ ಚೆನ್ನಾಗಿದೆ, ಮೂಳೆ ಮುರಿದಿಲ್ಲ, ಮಾತ್ರೆ ತೆಗೆದುಕೊಂಡು ಮನೆಗೆ ಹೋಗಿ." ರಸ್ತೆ ಅಪಘಾತವಾಗಿ ಆಸ್ಪತ್ರೆಗೆ ಬಂದವರಿಗೆ ಈ ಮಾತು ಕೇಳಿದರೆ ಹೋದ ಜೀವ ಬಂದಂತಾಗುತ್ತದೆ. ಆದರೆ ಕತ್ತಿನ ಮಟ್ಟಿಗೆ ಅದು ಅರ್ಧ ಸತ್ಯ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಮೂಳೆಗಳ ನಡುವೆ ಇರುವ ಡಿಸ್ಕನ್ನು ಅಲ್ಲ. ಕೆಲವು ದಿನಗಳಿಗೆ ಹೆಬ್ಬೆರಳು ಜೋಮು ಹಿಡಿಯುತ್ತದೆ, ರಾತ್ರಿ ಹೊರಳಿದರೆ ಭುಜದಿಂದ ಕೈಗೆ ಕರೆಂಟ್ ಹೊಡೆದಂತಾಗುತ್ತದೆ. ಎರಡು ತಿಂಗಳಾದ ಮೇಲೆ ಎಂಆರ್‌ಐ ಮಾಡಿಸಿ, ಡಿಸ್ಕ್ ಜಾರಿದೆ ಎಂದು ಗೊತ್ತಾಗುವಷ್ಟರಲ್ಲಿ ಪೊಲೀಸರ ಕಡತದಲ್ಲಿ 'ಸಾದಾ ಸ್ವರೂಪದ ಗಾಯ' ಎಂದು ಬರೆದಾಗಿರುತ್ತದೆ. ಮುಂದೆ ಪರಿಹಾರ ಕೇಳಿದಾಗ ವಿಮಾ ಕಂಪನಿಯ ವಕೀಲರು ಮೊದಲು ಹಿಡಿದುಕೊಳ್ಳುವುದು ಆ ಒಂದು ಸಾಲನ್ನೇ.

ಇಂಥ ಪ್ರಕರಣಗಳಲ್ಲಿ ನೋವು ನಿಜವೋ ನಟನೆಯೋ ಎಂಬ ಜಗಳ ನಾವು ಅಂದುಕೊಂಡಷ್ಟು ನಡೆಯುವುದಿಲ್ಲ. ನಡೆಯುವ ಜಗಳ ಎರಡೇ ಪ್ರಶ್ನೆಗಳ ಸುತ್ತ. ಡಿಸ್ಕ್ ಕೆಟ್ಟದ್ದು ಈ ಅಪಘಾತದಿಂದಲೇ? ಕೆಟ್ಟಿದ್ದರಿಂದ ಇವರ ದುಡಿಮೆ ಎಷ್ಟು ಕುಂದಿತು? ಮೊದಲನೆಯದಕ್ಕೆ ವೈದ್ಯರು ಉತ್ತರ ಹೇಳಬೇಕು, ಎರಡನೆಯದನ್ನು ನ್ಯಾಯಾಲಯ ತೀರ್ಮಾನಿಸಬೇಕು. ಎರಡಕ್ಕೂ ಆಧಾರವಾಗುವುದು ಅಪಘಾತವಾದ ಮೊದಲ ಕೆಲವು ವಾರಗಳ ಕಾಗದಗಳು.

ಕತ್ತಿನೊಳಗೆ ಆಗುವುದೇನು

ನಮ್ಮ ಕತ್ತಿನಲ್ಲಿ ಏಳು ಕಶೇರು ಮೂಳೆಗಳಿವೆ. ಮೇಲಿನ ಎರಡರ ನಡುವೆ ಡಿಸ್ಕ್ ಇಲ್ಲ. ಎರಡನೆಯದರ ಕೆಳಗಿನಿಂದ ಬೆನ್ನಿನ ಮೊದಲ ಮೂಳೆಯವರೆಗೆ ಆರು ಡಿಸ್ಕುಗಳಿವೆ. ಡಿಸ್ಕಿನ ರಚನೆ ಹೋಳಿಗೆಯಂತೆ: ಹೊರಗೆ ನಾರಿನ ಪದರಗಳ ಗಟ್ಟಿ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ಸಡಿಲವಾಗಿ ಸುತ್ತಲೂ ಹೊರಕ್ಕೆ ಉಬ್ಬಿದರೆ ವರದಿಯಲ್ಲಿ 'ಬಲ್ಜ್' ಎಂದು ಬರೆಯುತ್ತಾರೆ. ಒಂದು ಕಡೆ ಮಾತ್ರ ಮುಂದಕ್ಕೆ ಚಾಚಿದರೆ 'ಪ್ರೊಟ್ರೂಷನ್', ಕಣಕ ಹರಿದು ಹೂರಣ ಹೊರಬಿದ್ದರೆ 'ಎಕ್ಸ್‌ಟ್ರೂಷನ್'. ಹೊರಗೆ ಬಂದದ್ದು ಪಕ್ಕದಲ್ಲೇ ಹೊರಡುವ ನರವನ್ನು ಒತ್ತುತ್ತದೆ. ಇನ್ನೂ ಕೆಟ್ಟ ಸಂದರ್ಭದಲ್ಲಿ ಬೆನ್ನುಹುರಿಯನ್ನೇ ಒತ್ತುತ್ತದೆ.

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತು ಎನ್ನಿ. ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ನಾಲ್ಕೂವರೆ ಐದು ಕಿಲೋ ತೂಗುವ ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಆ ಕ್ಷಣದಲ್ಲಿ ಕತ್ತಿನ ಕೆಳಭಾಗ ಹಿಂದಕ್ಕೂ ಮೇಲ್ಭಾಗ ಮುಂದಕ್ಕೂ ಬಾಗಿ, ಮರುಕ್ಷಣವೇ ತಲೆ ಚಿಮ್ಮಿಕೊಂಡು ಮುಂದೆ ಬರುತ್ತದೆ. ಇದು ಮುಗಿಯಲು ಒಂದು ಸೆಕೆಂಡೂ ಬೇಕಿಲ್ಲ. ವೈದ್ಯರು ಇದನ್ನು ವಿಪ್‌ಲ್ಯಾಶ್ ಎನ್ನುತ್ತಾರೆ. ಹೆಡ್‌ರೆಸ್ಟ್ ಇರುವುದು ಒರಗಿ ನಿದ್ದೆ ಮಾಡಲೆಂದಲ್ಲ, ತಲೆ ಹೀಗೆ ಹಿಂದೆ ಉಳಿಯದಂತೆ ತಡೆಯಲು. ಅದನ್ನು ಕಿವಿಯ ಮಟ್ಟಕ್ಕೆ ಏರಿಸಿಕೊಂಡವರನ್ನು ನಮ್ಮ ಕಾರುಗಳಲ್ಲಿ ಹುಡುಕಬೇಕು. ನಮ್ಮಲ್ಲಿ ಹೆಚ್ಚಿನ ಪೆಟ್ಟು ಬೀಳುವುದು ದ್ವಿಚಕ್ರ ವಾಹನದವರಿಗೆ. ಅವರಿಗೆ ಒರಗುವ ಸೀಟೂ ಇಲ್ಲ, ಬೆಲ್ಟೂ ಇಲ್ಲ; ತಲೆಕೆಳಗಾಗಿ ಬಿದ್ದಾಗ ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಕತ್ತು ತಿರುಚಿಕೊಳ್ಳುವುದನ್ನು ಪೂರ್ತಿ ತಡೆಯಲಾರದು.

ಕತ್ತಿನಲ್ಲಿ ಹೆಚ್ಚು ಅಲುಗಾಡುವುದು ಕೆಳಗಿನ ಭಾಗ. ಆದ್ದರಿಂದ ಸಿ5–ಸಿ6 ಮತ್ತು ಸಿ6–ಸಿ7 ಡಿಸ್ಕುಗಳೇ, ಅಂದರೆ ಮೇಲಿನಿಂದ ಎಣಿಸಿದರೆ ಐದು-ಆರನೆಯ ಮತ್ತು ಆರು-ಏಳನೆಯ ಮೂಳೆಗಳ ನಡುವಿನವೇ, ಹೆಚ್ಚು ಕೆಡುತ್ತವೆ. ಯಾವ ನರ ಒತ್ತಿದೆ ಎಂಬುದನ್ನು ಕೈಯೇ ಹೇಳುತ್ತದೆ. ಆರನೆಯ ನರವಾದರೆ ಹೆಬ್ಬೆರಳಿನ ಕಡೆ ಜೋಮು, ಏಳನೆಯದಾದರೆ ನಡುಬೆರಳು ಮತ್ತು ತೋಳಿನ ಹಿಂಭಾಗದ ನಿಶ್ಶಕ್ತಿ, ಎಂಟನೆಯದಾದರೆ ಕಿರುಬೆರಳು. ಇದನ್ನು ನೆನಪಿಡಬೇಕಾದದ್ದು ವೈದ್ಯರಿಗೆ ಸರಿಯಾಗಿ ಹೇಳಲೆಂದು. "ಕೈ ನೋವು" ಎಂದರೆ ಚೀಟಿಯಲ್ಲಿ ಕೈ ನೋವು ಎಂದೇ ಬರೆಯುತ್ತಾರೆ. "ಬಲಗೈ ಹೆಬ್ಬೆರಳು, ತೋರುಬೆರಳು ಜೋಮು" ಎಂದರೆ, ಆಮೇಲೆ ಎಂಆರ್‌ಐನಲ್ಲಿ ಸಿ5–ಸಿ6 ಬಲಕ್ಕೆ ಚಾಚಿದ್ದು ಕಂಡಾಗ ಎರಡೂ ಒಂದಕ್ಕೊಂದು ಹೊಂದುತ್ತವೆ. ಆ ಹೊಂದಿಕೆಗೆ ಚಿಕಿತ್ಸೆಯಲ್ಲಿಯೂ ಕೋರ್ಟಿನಲ್ಲಿಯೂ ಬೆಲೆ ಇದೆ.

ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರ ಹಿಡಿತ ತಪ್ಪಿದರೆ ಅದು ಬೆನ್ನುಹುರಿ ಒತ್ತಿರುವ ಸೂಚನೆ. ಆಗ ಪರಿಹಾರ, ವಕೀಲರು ಎಲ್ಲ ಪಕ್ಕಕ್ಕಿರಲಿ; ಅಂದೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಕೇಳಿ ಹೆದರಬೇಕಾಗಿಲ್ಲ. ನರ ಒತ್ತಿದ ಬಹುಪಾಲು ಜನ ಶಸ್ತ್ರಚಿಕಿತ್ಸೆ ಇಲ್ಲದೆ ಕೆಲವು ವಾರ, ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಹೊರಬಿದ್ದ ಹೂರಣವನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ಕತ್ತಿನ ಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಿಕೊಂಡರೆ ಸ್ನಾಯುಗಳು ಸೊರಗುತ್ತವೆ ಎಂದು ಈಗ ವೈದ್ಯರೇ ಹೇಳುತ್ತಾರೆ. ಕೇಸು ಮುಗಿಯುವವರೆಗೆ ಪಟ್ಟಿ ತೆಗೆಯಬೇಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ಅಂಥವರಿಂದ ದೂರ ಇರುವುದು ಕತ್ತಿಗೂ ಒಳ್ಳೆಯದು, ಕೇಸಿಗೂ ಒಳ್ಳೆಯದು.

'ಇದು ಹಳೆಯ ಸವೆತ' ಎಂಬ ವಾದ

ವಿಮಾ ಕಂಪನಿಯ ಅತಿ ಗಟ್ಟಿಯಾದ ಅಸ್ತ್ರ ಇದು, ಮತ್ತು ಅದರಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಜಪಾನಿನಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 87.6 ಮಂದಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೇ ಬಹುತೇಕರಿಗೆ ಅದು ಕಂಡಿತ್ತು. ಅಂದರೆ ಎಂಆರ್‌ಐ ವರದಿಯಲ್ಲಿ 'ಡಿಸ್ಕ್ ಬಲ್ಜ್' ಎಂದು ಇದ್ದ ಮಾತ್ರಕ್ಕೆ ಅಪಘಾತದಿಂದಲೇ ಆಯಿತು ಎನ್ನಲಾಗದು. ವರದಿಯನ್ನು ಮಾತ್ರ ನಂಬಿ ಕೋರ್ಟಿಗೆ ಹೋದವರು ಪಾಟೀಸವಾಲಿನಲ್ಲಿ ಸೋಲುವುದು ಇಲ್ಲಿಯೇ. "ಡಾಕ್ಟರೇ, ನಲವತ್ತು ದಾಟಿದವರಲ್ಲಿ ಇದು ಸಾಮಾನ್ಯ ಅಲ್ಲವೇ?" "ಹೌದು." ವಕೀಲರು ಕುಳಿತುಕೊಳ್ಳುತ್ತಾರೆ, ಅವರಿಗೆ ಬೇಕಾದದ್ದು ಸಿಕ್ಕಿತು.

ಹಾಗಾದರೆ ಹೊಸ ಗಾಯವನ್ನು ಗುರುತಿಸುವುದು ಹೇಗೆ? ಮೂಳೆಯ ಅಂಚಿನಲ್ಲಿ ಬೆಳೆದ ಮುಳ್ಳಿನಂಥ ಚಾಚುಗಳು, ಎತ್ತರ ಕುಗ್ಗಿ ಒಣಗಿದ ಡಿಸ್ಕು ವರ್ಷಗಳ ಸವೆತದ ಗುರುತು. ಮೂಳೆಯೊಳಗೆ ಊತ, ಮೂಳೆಗಳನ್ನು ಹಿಡಿದಿಡುವ ಬಂಧಕಗಳು ಹರಿದ ಗುರುತು, ಸುತ್ತಲಿನ ಮೃದು ಭಾಗದಲ್ಲಿ ಬಾವು ಕಂಡರೆ ಅದು ಇತ್ತೀಚಿನದು. ಆದರೆ ಈ ಊತ ಬಹಳ ಕಾಲ ನಿಲ್ಲುವುದಿಲ್ಲ. ಐದಾರು ತಿಂಗಳಾದ ಮೇಲೆ ಮಾಡಿಸಿದ ಎಂಆರ್‌ಐನಲ್ಲಿ ಡಿಸ್ಕ್ ಜಾರಿದ್ದು ಕಾಣಬಹುದು, ಯಾವಾಗ ಜಾರಿತು ಎಂಬುದು ಕಾಣದೇ ಹೋಗಬಹುದು. ನರದ ಕೆಲಸವನ್ನು ಅಳೆಯುವ ಇಎಂಜಿ ಪರೀಕ್ಷೆಗೆ ತದ್ವಿರುದ್ಧ ನಿಯಮ: ನರಕ್ಕೆ ಪೆಟ್ಟಾದ ಎರಡು ಮೂರು ವಾರಗಳ ನಂತರವೇ ಅದರಲ್ಲಿ ಸ್ನಾಯುವಿನ ಬದಲಾವಣೆ ಚೆನ್ನಾಗಿ ಕಾಣುತ್ತದೆ. ಮರುದಿನವೇ ಮಾಡಿಸಿ ನಾರ್ಮಲ್ ಬಂತೆಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಆಧಾರ ಕಾಲದ ಕ್ರಮ. ಅಪಘಾತದ ಹಿಂದಿನ ದಿನದವರೆಗೆ ಕತ್ತಿಗೆ ಚಿಕಿತ್ಸೆ ಪಡೆದ ದಾಖಲೆ ಇಲ್ಲ, ಕೆಲಸಕ್ಕೆ ತಪ್ಪದೆ ಹೋಗಿದ್ದಾರೆ. ಅಪಘಾತವಾದ ಕೆಲವೇ ದಿನಗಳಲ್ಲಿ ನೋವು ಶುರುವಾಗಿದೆ, ಅದು ಆಗಲೇ ಚೀಟಿಯಲ್ಲಿ ದಾಖಲಾಗಿದೆ. ನಂತರ ಸತತವಾಗಿ ಚಿಕಿತ್ಸೆ ನಡೆದಿದೆ. ಈ ಸರಪಳಿ ಕಡಿಯದೆ ಇದ್ದರೆ ಸವೆತದ ವಾದ ಸಪ್ಪೆಯಾಗುತ್ತದೆ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕ್ರಿಮಿನಲ್ ಕೇಸಿನಂತೆ ಸಂಶಯಾತೀತ ರುಜುವಾತು ಬೇಕಿಲ್ಲ. ಹೀಗಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು.

ಮೊದಲೇ ಸವೆದಿದ್ದ ಕತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ಹಕ್ಕು ಪೂರ್ತಿ ಹೋಗುವುದಿಲ್ಲ. ಗಾಯಾಳು ಹೇಗಿದ್ದರೋ ಹಾಗೆಯೇ ತಪ್ಪಿತಸ್ಥನು ಹೊಣೆ ಹೊರಬೇಕು, ಗಟ್ಟಿಮುಟ್ಟಾದವನಿಗೆ ಇಷ್ಟು ಆಗುತ್ತಿರಲಿಲ್ಲ ಎಂದು ನುಣುಚಿಕೊಳ್ಳಲಾಗದು ಎಂಬುದು ಹಾನಿ ಪರಿಹಾರ ಕಾನೂನಿನ ಹಳೆಯ ತತ್ವ. ನೋವಿಲ್ಲದೆ ಮಲಗಿದ್ದ ಸವೆತವನ್ನು ಅಪಘಾತ ಕೆರಳಿಸಿದ್ದರೆ, ಕೆರಳಿಸಿದ್ದಕ್ಕೆ ಪರಿಹಾರ ಕೇಳಬಹುದು. ಅದನ್ನು ವೈದ್ಯರು ಒಂದು ಸಾಲಿನಲ್ಲಾದರೂ ಬರೆದಿರಬೇಕು. ಹಳೆಯ ಕತ್ತು ನೋವನ್ನು ಮುಚ್ಚಿಟ್ಟು, ಆಮೇಲೆ ಹಳೆಯ ಚೀಟಿಯೊಂದು ಎದುರಾಳಿಯ ಕೈಗೆ ಸಿಕ್ಕರೆ, ನಿಜವಾದ ಭಾಗವನ್ನೂ ಯಾರೂ ನಂಬುವುದಿಲ್ಲ.

ಆಸ್ಪತ್ರೆ, ಠಾಣೆ ಮತ್ತು ಪುತ್ತೂರು ಕಟ್ಟು

ಅಪಘಾತವೆಂದು ಹೇಳಿದರೆ ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ಅನೇಕರು ಪೊಲೀಸ್ ತಲೆನೋವು ಬೇಡವೆಂದು "ಬಾತ್‌ರೂಮಿನಲ್ಲಿ ಜಾರಿಬಿದ್ದೆ" ಎಂದು ಬರೆಸುತ್ತಾರೆ. ಆ ಒಂದು ಸಾಲನ್ನು ಮುಂದೆ ಅಳಿಸುವುದು ಬಲು ಕಷ್ಟ. ಗುದ್ದಿದವನು ರಸ್ತೆಯಲ್ಲೇ ಸಾವಿರ ಎರಡು ಸಾವಿರ ಕೊಟ್ಟು ರಾಜಿ ಮಾಡಿಕೊಳ್ಳಲು ಬಂದರೂ, ವಾಹನದ ನಂಬರು ಬರೆದುಕೊಂಡು ದೂರು ಕೊಡುವುದೇ ಸರಿ. ಕತ್ತಿನ ಪೆಟ್ಟು ಅಂದೇ ತೋರುವುದಿಲ್ಲ; ಬಿಗಿತ, ನೋವು ಮರುದಿನವೋ ಅದರ ಮರುದಿನವೋ ಏರುವುದು ಮಾಮೂಲು. ಹಾಗೆ ಏರಿದಾಗ ಅದೇ ಆಸ್ಪತ್ರೆಗೆ ಮತ್ತೆ ಹೋಗಿ, ಹೊಸ ಲಕ್ಷಣವನ್ನು ಬರೆಸಿಕೊಳ್ಳಬೇಕು.

ಗಾಯದ ಪ್ರಮಾಣಪತ್ರದಲ್ಲಿ 'ಸಾದಾ' ಎಂದು ಬರೆದದ್ದೇ ಕೊನೆಯ ಮಾತಲ್ಲ. ಮೂಳೆ ಮುರಿದರೆ ಮಾತ್ರ ತೀವ್ರ ಸ್ವರೂಪದ ಗಾಯ ಎಂಬ ಭಾವನೆ ಠಾಣೆಗಳಲ್ಲೂ ಇದೆ, ಜನರಲ್ಲೂ ಇದೆ. ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಪ್ರಕಾರ, ಹದಿನೈದು ದಿನ ತೀವ್ರವಾದ ನೋವಿನಲ್ಲಿ ನರಳಿದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದೆ ಹೋದರೆ ಅದೂ ತೀವ್ರ ಗಾಯವೇ. ಹಳೆಯ ದಂಡ ಸಂಹಿತೆಯಲ್ಲಿ ಇದು ಇಪ್ಪತ್ತು ದಿನ ಇತ್ತು. ಆದ್ದರಿಂದ ಎಂಆರ್‌ಐ ವರದಿ ಬಂದ ಕೂಡಲೇ ಅದರ ಪ್ರತಿಯನ್ನು ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದು, ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಗಾಯದ ಸ್ವರೂಪವನ್ನು ಮರುಪರಿಶೀಲಿಸಲು ಕೇಳಬೇಕು.

ನಮ್ಮಲ್ಲಿ ಮೂಳೆ ಪೆಟ್ಟಾದರೆ ಪುತ್ತೂರು ಕಟ್ಟು, ಕತ್ತು ಹಿಡಿದರೆ ಕ್ಷೌರದಂಗಡಿಯ ನೆಟಿಕೆ, ಮನೆಯಲ್ಲಿ ಎಣ್ಣೆ ಮಾಲೀಷು. ಹಾನಿಗೊಂಡ ಡಿಸ್ಕಿನ ಮೇಲೆ ಕತ್ತು ತಿರುಗಿಸಿ ನೆಟಿಕೆ ತೆಗೆಯುವುದು ಅಪಾಯ, ಅದು ಒಂದು ಮಾತು. ಇನ್ನೊಂದು, ಇಲ್ಲೆಲ್ಲ ಚೀಟಿ ಇರುವುದಿಲ್ಲ, ಬಿಲ್ಲೂ ಇರುವುದಿಲ್ಲ. ಮೂರು ತಿಂಗಳು ಹೀಗೆ ಓಡಾಡಿ ಕೊನೆಗೆ ನರರೋಗ ತಜ್ಞರ ಬಳಿ ಬಂದವರ ಕಡತದಲ್ಲಿ ಆ ಮೂರು ತಿಂಗಳು ಖಾಲಿ. ಎದುರು ವಕೀಲರು ಆ ಖಾಲಿ ಜಾಗಕ್ಕೆ ತಮ್ಮದೇ ಕಥೆ ಬರೆಯುತ್ತಾರೆ: ನಡುವೆ ಇನ್ನೇನೋ ಆಗಿದೆ.

ಬಿಲ್ಲುಗಳ ಮೂಲಪ್ರತಿ ಇಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತು. ಆರೋಗ್ಯ ವಿಮೆಗೆ ಮೂಲಪ್ರತಿ ಕೊಟ್ಟಿದ್ದರೆ ದೃಢೀಕೃತ ಪ್ರತಿ ಪಡೆದಿರಬೇಕು. ಮರೆತುಹೋಗುವುದು ರಜೆಯ ದಾಖಲೆ, ಫಿಸಿಯೋಥೆರಪಿಯ ಚೀಟಿ, ಆಸ್ಪತ್ರೆಗೆ ಹೋಗಿಬಂದ ಆಟೋ ಖರ್ಚು.

ಯಾರ ಮೇಲೆ, ಎಲ್ಲಿ, ಯಾವಾಗ

1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಜನರ ಬಾಯಲ್ಲಿ ಇದು ಎಂವಿಸಿ ಕೇಸು. ಬೆಂಗಳೂರಿನಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯವೇ ಈ ಕೆಲಸ ಮಾಡುತ್ತದೆ. ಅಪಘಾತ ತುಮಕೂರಿನಲ್ಲಿ ಆಗಿದ್ದರೂ ಹಾಸನದಲ್ಲಿ ವಾಸವಿರುವವರು ಹಾಸನದಲ್ಲೇ ಅರ್ಜಿ ಹಾಕಬಹುದು. ಗುದ್ದಿದ ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಎದುರುದಾರರು. ಸರ್ಕಾರಿ ಸಾರಿಗೆ ನಿಗಮದ ಬಸ್ಸಾದರೆ ನಿಗಮವೇ ತನ್ನ ನಿಧಿಯಿಂದ ಕೊಡಬೇಕಾಗುತ್ತದೆ. ಕೊಡದಿದ್ದಾಗ ಕೋರ್ಟು ಬಸ್ಸನ್ನೇ ಜಪ್ತಿ ಮಾಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ.

ಅವಧಿಯ ವಿಷಯದಲ್ಲಿ ಹಳೆಯ ತಿಳಿವಳಿಕೆ ಈಗ ನಡೆಯುವುದಿಲ್ಲ. 1994ರ ತಿದ್ದುಪಡಿ ಕಾಲಮಿತಿಯನ್ನೇ ತೆಗೆದುಹಾಕಿತ್ತು, ಆದ್ದರಿಂದ "ಯಾವಾಗ ಬೇಕಾದರೂ ಹಾಕಬಹುದು" ಎಂಬ ಮಾತು ಇನ್ನೂ ಓಡಾಡುತ್ತಿದೆ. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ ನಿಜ, ಆದರೆ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಡಿಸ್ಕಿನ ಗಾಯದವರಿಗೆ ಇದು ಎಲ್ಲರಿಗಿಂತ ಹೆಚ್ಚು ಬಿಗಿ. ಮೂಳೆ ಮುರಿದವನಿಗೆ ಅಂದೇ ಗೊತ್ತು. ಡಿಸ್ಕ್ ಜಾರಿದವನು ಫಿಸಿಯೋಥೆರಪಿ ಮುಗಿಯಲಿ ನೋಡೋಣ ಎನ್ನುತ್ತಲೇ ಅರ್ಧ ಅವಧಿ ಕಳೆದಿರುತ್ತಾನೆ. ಚಿಕಿತ್ಸೆ ಮುಗಿಯದೆ ಇದ್ದರೂ ಅರ್ಜಿ ಹಾಕಬಹುದು, ಸಾಕ್ಷ್ಯದ ಹಂತದಲ್ಲಿ ಹೊಸ ದಾಖಲೆ ಕೊಡಬಹುದು.

ತಪ್ಪು ಯಾರದೆಂದು ಸಾಬೀತು ಮಾಡದೆಯೇ 164ನೇ ಸೆಕ್ಷನ್ ಅಡಿ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪಡೆಯುವ ದಾರಿಯೂ ಇದೆ. ಅದನ್ನು ಒಪ್ಪಿ ತೆಗೆದುಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ಶಸ್ತ್ರಚಿಕಿತ್ಸೆಯ ಸಾಧ್ಯತೆ ಇರುವವರು ಇಲ್ಲಿ ಆತುರಪಡಬಾರದು. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ ಸಿಗುವುದು ಐವತ್ತು ಸಾವಿರ ರೂಪಾಯಿ. ಬೈಕಿನ ಹಿಂಬದಿ ಸವಾರರು ಇನ್ನೊಂದು ತಿಳಿದಿರಬೇಕು: ತಾವು ಕುಳಿತಿದ್ದ ಬೈಕಿನ ಸವಾರನದೇ ತಪ್ಪಾಗಿದ್ದು, ಆ ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಂಪನಿ ಹೊಣೆ ಹೊರುವುದಿಲ್ಲ, ಸಮಗ್ರ ವಿಮೆ ಬೇಕು. ಇನ್ನು, ತನ್ನದೇ ತಪ್ಪಿನಿಂದ ಬಿದ್ದ ಸವಾರನಿಗೆ 166ರಲ್ಲಿ ಜಾಗವಿಲ್ಲ.

ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು ವಕಾಲತ್ತಿಗೆ ಸಹಿ ಕೇಳುವ ಮಧ್ಯವರ್ತಿಗಳಿದ್ದಾರೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ನನಗೆ ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು.

ಮೊತ್ತ ನಿಂತಿರುವುದು ಯಾವುದರ ಮೇಲೆ

ರಾಜ್‌ಕುಮಾರ್ ವಿರುದ್ಧ ಅಜಯ್‌ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಕೊಟ್ಟ ತೀರ್ಪು ಗಾಯದ ಪ್ರಕರಣಗಳಿಗೆಲ್ಲ ಇಂದಿಗೂ ದಾರಿದೀಪ. ಚಿಕಿತ್ಸೆಯ ಖರ್ಚು, ಚಿಕಿತ್ಸೆಯ ಅವಧಿಯಲ್ಲಿ ತಪ್ಪಿದ ದುಡಿಮೆ, ಶಾಶ್ವತ ವೈಕಲ್ಯದಿಂದ ಮುಂದೆ ತಪ್ಪುವ ದುಡಿಮೆ, ಮುಂದಿನ ಚಿಕಿತ್ಸೆ, ನೋವು ಮತ್ತು ಯಾತನೆ, ಬದುಕಿನ ಸವಲತ್ತುಗಳ ನಷ್ಟ ಎಂದು ಬೇರೆ ಬೇರೆ ಬಾಬ್ತುಗಳಲ್ಲಿ ಪರಿಹಾರ ಲೆಕ್ಕ ಹಾಕಬೇಕು. ಸಾಧಾರಣ ಗಾಯವಾದರೆ ಖರ್ಚು, ತಪ್ಪಿದ ಕೂಲಿ, ನೋವು ಇಷ್ಟಕ್ಕೇ ನಿಲ್ಲುತ್ತದೆ. ದೊಡ್ಡ ಮೊತ್ತ ಇರುವುದು ಮುಂದಿನ ದುಡಿಮೆಯ ನಷ್ಟದಲ್ಲಿ.

ಆ ತೀರ್ಪಿನ ಸಾರ ಇಷ್ಟು: ವೈದ್ಯರು ಹೇಳುವ ವೈಕಲ್ಯದ ಶೇಕಡಾವಾರು ಬೇರೆ, ದುಡಿಯುವ ಶಕ್ತಿ ಕುಂದಿದ ಶೇಕಡಾವಾರು ಬೇರೆ. ಕೈ ಕಳೆದುಕೊಂಡ ಚಾಲಕ ಅಥವಾ ಬಡಗಿಗೆ ದುಡಿಮೆ ಪೂರ್ತಿ ಹೋಗಬಹುದು. ಗುಮಾಸ್ತನಿಗೆ ಸಂಬಳ ಹಾಗೆಯೇ ಮುಂದುವರಿಯಬಹುದು. ಕತ್ತಿಗೂ ಇದೇ ಅಳತೆ. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲನಿಗೆ, ಚಾವಣಿಗೆ ಬಣ್ಣ ಬಳಿಯುವ ಪೇಂಟರ್‌ಗೆ, ಕತ್ತು ತಿರುಗಿಸಿ ಹಿಂದೆ ನೋಡಲೇಬೇಕಾದ ಲಾರಿ ಚಾಲಕನಿಗೆ ಸಿ5–ಸಿ6 ಕೆಟ್ಟರೆ ಕಸುಬೇ ಕೈಬಿಡಬಹುದು. ಆದ್ದರಿಂದ ಅರ್ಜಿಯಲ್ಲಿ 'ಕೂಲಿ' ಎಂದು ಒಂದೇ ಪದ ಬರೆದು ಬಿಡಬಾರದು. ದಿನಕ್ಕೆ ಏನೇನು ಎತ್ತುತ್ತಿದ್ದರು, ಎಷ್ಟು ಹೊತ್ತು ತಲೆ ಮೇಲೆತ್ತಿ ಕೆಲಸ ಮಾಡುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕು.

ಊಹೆಯ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. 34 ವರ್ಷದ ಪೇಂಟರ್, ತಿಂಗಳ ಆದಾಯ 15,000 ರೂಪಾಯಿ, ದುಡಿಯುವ ಶಕ್ತಿ ಶೇ 20ರಷ್ಟು ಕುಂದಿದೆ ಎಂದು ನ್ಯಾಯಮಂಡಳಿ ಒಪ್ಪಿದೆ. ವರ್ಷಕ್ಕೆ 1,80,000, ಅದರ ಶೇ 20 ಅಂದರೆ 36,000. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪ್ರಕಾರ 31ರಿಂದ 35 ವಯಸ್ಸಿನವರಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ, 16. ಒಟ್ಟು 5,76,000. ಸ್ವಂತ ದುಡಿಮೆಯ, ನಲವತ್ತರೊಳಗಿನವರ ಆದಾಯಕ್ಕೆ ಭವಿಷ್ಯದ ಏರಿಕೆಯೆಂದು ಶೇ 40 ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳಿತು. ಅದು ಸಾವಿನ ಪ್ರಕರಣ. ಗಾಯದಿಂದ ಶಾಶ್ವತ ವೈಕಲ್ಯವಾದವರಿಗೂ ಸೇರಿಸಬೇಕೆಂದು 2020ರಲ್ಲಿ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ತೀರ್ಮಾನವಾಯಿತು. ಹಾಗೆ ಸೇರಿಸಿದರೆ ಅದೇ ಲೆಕ್ಕ 8,06,400 ಆಗುತ್ತದೆ. ಕೇಳದಿದ್ದರೆ ಎರಡು ಲಕ್ಷಕ್ಕೂ ಹೆಚ್ಚು ಬಿಟ್ಟುಕೊಟ್ಟಂತೆ.

ಆದಾಯಕ್ಕೆ ದಾಖಲೆ ಇಲ್ಲದವರಿಗೆ, ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಸಿದ್ಧಪಡಿಸಿದ, ಅಪಘಾತದ ವರ್ಷಕ್ಕೆ ತಕ್ಕ ಕಾಲ್ಪನಿಕ ಆದಾಯದ ಪಟ್ಟಿಯನ್ನು ನಮ್ಮ ನ್ಯಾಯಾಲಯಗಳು ಅನುಸರಿಸುತ್ತವೆ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟುತ್ತಾರೆ.

ವೈಕಲ್ಯದ ಪ್ರಮಾಣಪತ್ರದಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಕೈ ಅಥವಾ ಕಾಲಿಗೆ ಶೇ 30 ವೈಕಲ್ಯವೆಂದರೆ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ವೈಕಲ್ಯವೆಂದು ಹಿಡಿಯುವ ರೂಢಿ ನಮ್ಮ ನ್ಯಾಯಮಂಡಳಿಗಳಲ್ಲಿ ಬೇರೂರಿದೆ. ಕತ್ತು ಕೈಕಾಲಿನಂತೆ ಒಂದು ಅವಯವವಲ್ಲ. ತಾವು ಹೇಳುತ್ತಿರುವುದು ಇಡೀ ದೇಹದ ಲೆಕ್ಕ ಎಂದು ವೈದ್ಯರು ಸ್ಪಷ್ಟಪಡಿಸದಿದ್ದರೆ ಆ ಭಾಗಾಕಾರ ಇಲ್ಲಿಗೂ ನುಸುಳುತ್ತದೆ. ಚಿಕಿತ್ಸೆ ಕೊಟ್ಟವರೇ ಬಂದು ಸಾಕ್ಷ್ಯ ಹೇಳಿದರೆ ಅದಕ್ಕೆ ತೂಕ. ರೋಗಿಯನ್ನು ಹಿಂದೆಂದೂ ನೋಡದ ವೈದ್ಯರ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರ ಇರಲಿ ಎಂದು ರಾಜ್‌ಕುಮಾರ್ ತೀರ್ಪೇ ಹೇಳಿದೆ. ಅನುಮಾನ ಬಂದರೆ ನ್ಯಾಯಮಂಡಳಿ ವೈದ್ಯಕೀಯ ಮಂಡಳಿಗೆ ಕಳುಹಿಸಬಹುದು. ಪ್ರಾಮಾಣಿಕ ಅರ್ಜಿದಾರರು ಅದಕ್ಕೆ ಹಿಂಜರಿಯಬೇಕಿಲ್ಲ, ತಾವೇ ಕೇಳಿಕೊಂಡರೂ ತಪ್ಪಿಲ್ಲ.

ತೀರ್ಪು ಒಪ್ಪಿಗೆಯಾಗದಿದ್ದರೆ ತೊಂಬತ್ತು ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಕೈಸೇರುತ್ತದೆ, ಆದರೆ ಅಲ್ಲಿನ ಆದೇಶಕ್ಕೆ ಮೇಲ್ಮನವಿ ಇಲ್ಲ. ಡಿಸ್ಕಿನ ವಿಷಯದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ: ಹಾನಿಗೊಂಡ ಡಿಸ್ಕನ್ನು ತೆಗೆದು ಎರಡು ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದು ಕೆಲವರಿಗೆ ವರ್ಷವಾದರೂ ತೀರ್ಮಾನವಾಗಿರುವುದಿಲ್ಲ. ರಾಜಿಗೆ ಕೂರುವ ಮೊದಲು ಶಸ್ತ್ರಚಿಕಿತ್ಸಕರಿಂದ ಆ ಸಾಧ್ಯತೆಯನ್ನೂ ತಗಲುವ ಅಂದಾಜು ಖರ್ಚನ್ನೂ ಬರೆಸಿಕೊಂಡು ಹೋಗಿ. ರಾಜಿಪತ್ರಕ್ಕೆ ಸಹಿ ಬಿದ್ದ ಮೇಲೆ ಆ ಖರ್ಚನ್ನು ಕೇಳಲು ಬೇರೆ ಬಾಗಿಲಿಲ್ಲ.